ಕ್ರೋಶಾ ಬೇಸಿಗೆ ಟಾಪ್: ಸಂಜೆಗೆ ಆರು ಸಾಲಿನಂತೆ ಹೆಣೆಯುವ ಸಮಗ್ರ ಮಾರ್ಗದರ್ಶಿ

ಟಾಪ್ ಹೆಣೆಯಲು ಕೂತವರು ಎಡವುವುದು ಹೆಚ್ಚಾಗಿ ಮೂರೇ ಕಡೆ. ಚೌಕವಾಗಿ ಶುರುವಾದದ್ದು ಮೇಲೆ ಹೋಗುತ್ತಾ ತ್ರಿಕೋನವಾಗುತ್ತದೆ. ಇಲ್ಲವೇ ಅಳತೆ ತಪ್ಪಿ, ಇಬ್ಬರು ತೂರಬಹುದಾದ ಟಾಪ್ ಆಗುತ್ತದೆ. ಅದೂ ಅಲ್ಲದಿದ್ದರೆ ಒಂದೆರಡು ಸಲ ಹಾಕಿದ ಮೇಲೆ ಜೋತು ಬಿದ್ದು ಉದ್ದವಾಗುತ್ತದೆ. ಈ ಮೂರಕ್ಕೂ ಕೈ ಕೌಶಲ ಕಡಿಮೆಯಾದದ್ದು ಕಾರಣವಲ್ಲ. ಮೊದಲ ಸಂಜೆ ಮಾಡಬೇಕಿದ್ದ ಲೆಕ್ಕವನ್ನು "ಆಮೇಲೆ ನೋಡೋಣ" ಅಂತ ಬಿಟ್ಟಿರುತ್ತೇವೆ, ಅಷ್ಟೇ.

ಹಾಗಾಗಿ ಇಲ್ಲಿ ತಲೆ ಓಡಿಸುವ ಕೆಲಸವನ್ನೆಲ್ಲ ಶುರುವಿಗೇ ಹಾಕಿದ್ದೇನೆ. ಅದು ಮುಗಿದ ಮೇಲೆ ದಿನಾ ಸಂಜೆ ಆರು ಸಾಲು, ಸುಮ್ನೆ ಕೈ ಆಡಿಸಿದರಾಯಿತು. ಮಾದರಿ ಸರಳ: ಹಿಂದೊಂದು, ಮುಂದೊಂದು ಚೌಕ. ತೋಳು ಬೇರೆ ಹೆಣೆಯುವುದಿಲ್ಲ. ಭುಜದ ಅಗಲವೇ ತೋಳಿನ ಮೇಲೆ ಇಳಿದು ಪುಟ್ಟ ತೋಳಿನಂತೆ ಕಾಣುತ್ತದೆ.

ಚೈನ್, ಸಿಂಗಲ್ ಕ್ರೋಶಾ, ಡಬಲ್ ಕ್ರೋಶಾ, ಸ್ಲಿಪ್ ಸ್ಟಿಚ್ ಬಂದರೆ ಸಾಕು. ಒಂದು ಎಚ್ಚರಿಕೆ: ಅಮೆರಿಕದವರು ಡಬಲ್ ಎನ್ನುವುದನ್ನು ಬ್ರಿಟನ್‌ನವರು ಟ್ರೆಬಲ್ ಎನ್ನುತ್ತಾರೆ. ನಾನು ಬಳಸಿರುವುದು ಅಮೆರಿಕದ ಹೆಸರು. ಅಂದರೆ ಇಲ್ಲಿ ಡಬಲ್ ಎಂದರೆ, ಹುಕ್ಕಿಗೆ ದಾರ ಒಮ್ಮೆ ಸುತ್ತಿ, ಸ್ಟಿಚ್ಚಿನೊಳಗೆ ತೂರಿಸಿ, ದಾರ ಎಳೆದುಕೊಂಡು, ಎರಡು ಕುಣಿಕೆ ಬಿಡಿಸಿ, ಮತ್ತೆ ಎರಡು ಬಿಡಿಸುವುದು.

## ಬೇಕಾಗುವ ಸಾಮಾನು

ದಾರ: 8 ಪ್ಲೈ ಹತ್ತಿ ದಾರ. 50 ಗ್ರಾಂ ಉಂಡೆಯ ಪಟ್ಟಿಯ ಮೇಲೆ ಸುಮಾರು 105ರಿಂದ 125 ಮೀಟರ್ ಎಂದಿದ್ದರೆ ಸರಿಯಾದ ದಪ್ಪ. ಅಕ್ರಿಲಿಕ್ ಬೇಡ, ಅದು ಬೆವರು ಹೀರುವುದಿಲ್ಲ. ಎಷ್ಟು ಗ್ರಾಂ ಬೇಕೆನ್ನುವುದನ್ನು ಎರಡನೇ ಹಂತದಲ್ಲಿ ನೀವೇ ಲೆಕ್ಕ ಹಾಕುತ್ತೀರಿ. ಅಲ್ಲಿಯವರೆಗೆ ಒಂದೇ ಉಂಡೆ ತನ್ನಿ.

ಬಣ್ಣ ತಿಳಿಯಾಗಿರಲಿ. ಸಂಜೆ ದೀಪದ ಬೆಳಕಲ್ಲಿ ಕಪ್ಪು, ಕಡುನೀಲಿ ದಾರದ ಸ್ಟಿಚ್ ಕಣ್ಣಿಗೆ ಕಾಣುವುದೇ ಇಲ್ಲ. ವಿಶ್ರಾಂತಿಗೆ ಅಂತ ಶುರು ಮಾಡಿದ್ದು ತಲೆನೋವಲ್ಲಿ ಮುಗಿಯುತ್ತದೆ.

ಹುಕ್: 4 ಮಿ.ಮೀ. ಮುಖ್ಯ. ಮೊದಲ ಚೈನ್‌ಗೆ 4.5 ಮಿ.ಮೀ., ಅಂಚಿಗೆ 3.5 ಮಿ.ಮೀ. ಇದ್ದರೆ ಒಳ್ಳೆಯದು.

ಇವುಗಳ ಜೊತೆ ಅಳತೆ ಟೇಪು, ಕತ್ತರಿ, ಮೊಂಡು ತುದಿಯ ದೊಡ್ಡ ಕಣ್ಣಿನ ಸೂಜಿ, ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ, ತುಕ್ಕು ಹಿಡಿಯದ ಗುಂಡುಪಿನ್ನು, ಒಂದು ನೋಟ್‌ಬುಕ್ಕು. ಸ್ಟಿಚ್ ಮಾರ್ಕರ್ ಇಲ್ಲದಿದ್ದರೆ ಸೇಫ್ಟಿ ಪಿನ್ನು ನಡೆಯುತ್ತದೆ. ನೋಟ್‌ಬುಕ್ ಮಾತ್ರ ಬಿಡಬೇಡಿ. ಹಿಂಭಾಗ ಮುಗಿಸಿ ಎರಡು ವಾರ ಬಿಟ್ಟು ಮುಂಭಾಗ ಹಿಡಿದಾಗ ಏನೂ ನೆನಪಿರುವುದಿಲ್ಲ.

## ಹಂತ 1: ಸ್ಯಾಂಪಲ್ ತುಂಡು

ಎಲ್ಲರೂ ಹಾರಿಸುವ ಹಂತ ಇದೇ. ನಾನೂ ಮೊದಲ ಟಾಪ್‌ಗೆ ಹಾರಿಸಿದ್ದೆ. ಅದು ಈಗ ದಿಂಬಿನ ಕವರ್.

27 ಚೈನ್ ಹಾಕಿ. ಹುಕ್ಕಿನಿಂದ ನಾಲ್ಕನೇ ಚೈನ್‌ಗೆ ಮೊದಲ ಡಬಲ್ ಹಾಕಿ. ಬಿಟ್ಟ ಮೂರು ಚೈನ್ ಒಂದು ಡಬಲ್‌ಗೆ ಸಮ, ಹಾಗಾಗಿ ಸಾಲಿನ ಕೊನೆಗೆ 25 ಸ್ಟಿಚ್ ಇರಬೇಕು. ಒಟ್ಟು 14 ಸಾಲು ಹೆಣೆಯಿರಿ. 6 ಮತ್ತು 12ನೇ ಸಾಲನ್ನು ಜಾಲರಿ ಮಾಡಿ (ಅದನ್ನು ಹಾಕುವ ಬಗೆ ಹಂತ 4ರಲ್ಲಿದೆ). ಸುಮಾರು 15 ಸೆಂ.ಮೀ. ಚೌಕ ಸಿಗುತ್ತದೆ.

ಈಗಲೇ ಅಳೆಯಬೇಡಿ. ಟಾಪನ್ನು ಮುಂದೆ ಹೇಗೆ ಒಗೆಯುತ್ತೀರೋ ಹಾಗೇ ತುಂಡನ್ನೂ ಒಗೆದು, ಹರಡಿ ಒಣಗಿಸಿ. ಹತ್ತಿ ನೀರಿಗೆ ಬಿದ್ದ ಮೇಲೆ ಅಳತೆ ಬದಲಿಸುತ್ತದೆ. ಒಣಗಿದ ಮೇಲೆ ನಟ್ಟನಡುವಿನ 10 ಸೆಂ.ಮೀ.ಯಲ್ಲಿ ಅಡ್ಡಕ್ಕೆ ಎಷ್ಟು ಸ್ಟಿಚ್, ಉದ್ದಕ್ಕೆ ಎಷ್ಟು ಸಾಲು ಎಂದು ಎಣಿಸಿ ಬರೆದಿಡಿ. ಅಂಚಿನ ಸ್ಟಿಚ್ ಸೇರಿಸಬೇಡಿ, ಅವು ಯಾವಾಗಲೂ ಸೊಟ್ಟ. ಅರ್ಧ ಸ್ಟಿಚ್ ಬಂದರೆ ಅರ್ಧ ಅಂತಲೇ ಬರೆಯಿರಿ.

ನನ್ನ ಕೈಗೆ 10 ಸೆಂ.ಮೀ.ಗೆ 16 ಸ್ಟಿಚ್, 9 ಸಾಲು. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ಇದೆ. ನಿಮ್ಮದು 15 ಬಂದು, ನೀವು ನನ್ನ ಸಂಖ್ಯೆಯನ್ನೇ ಹಾಕಿಕೊಂಡು ಹೋದರೆ ಸುತ್ತಳತೆ ಸುಮಾರು 7 ಸೆಂ.ಮೀ. ಹೆಚ್ಚಾಗುತ್ತದೆ. ಒಂದೇ ಒಂದು ಸ್ಟಿಚ್ಚಿನ ವ್ಯತ್ಯಾಸಕ್ಕೆ ಇಷ್ಟು!

ಇನ್ನೊಂದು ಪರೀಕ್ಷೆ. ತುಂಡಿನ ಮೇಲಂಚಿಗೆ ಕ್ಲಿಪ್ ಹಾಕಿ ಒಂದು ರಾತ್ರಿ ನೇತುಹಾಕಿ. ಕೆಳಂಚಿಗೂ ಎರಡು ಮೂರು ಬಟ್ಟೆ ಕ್ಲಿಪ್ ಸಿಕ್ಕಿಸಿ. ಬೆಳಿಗ್ಗೆ ಅರ್ಧ ಸೆಂ.ಮೀ. ಉದ್ದವಾಗಿದ್ದರೂ ಅದು ಸೂಚನೆಯೇ. ಇಡೀ ಟಾಪ್ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ, ಅಲ್ವಾ? ಅಂಥ ದಾರವಾದರೆ ಬೇಕಾದ ಉದ್ದಕ್ಕಿಂತ 2ರಿಂದ 3 ಸೆಂ.ಮೀ. ಕಡಿಮೆ ಹೆಣೆಯಿರಿ.

ತುಂಡನ್ನು ಕೈಯಲ್ಲಿ ಹಿಡಿದೂ ನೋಡಿ. ರಟ್ಟಿನ ಹಾಗೆ ನಿಂತರೆ ಬಿಗಿಯಾಯಿತು, ಹುಕ್ 4.5ಕ್ಕೆ ಏರಿಸಿ. ಆಚೆಯ ಬೆರಳು ಸ್ಪಷ್ಟವಾಗಿ ಕಂಡರೆ ಸಡಿಲವಾಯಿತು, 3.5ಕ್ಕೆ ಇಳಿಸಿ. ಹುಕ್ ಬದಲಿಸಿದರೆ ಹೊಸ ತುಂಡು ಹೆಣೆಯಲೇಬೇಕು.

## ಹಂತ 2: ಲೆಕ್ಕ

ಮೈಗೆ ಸರಿಯಾಗಿ ಕೂರುವ ಒಳ್ಳೆ ಟಾಪ್ ಒಂದಿದ್ದರೆ ಅದನ್ನು ಹಾಸಿ ಅಳೆಯುವುದೇ ಸುಲಭ. ಇಲ್ಲದಿದ್ದರೆ ಎದೆ ಸುತ್ತಳತೆ ತೆಗೆದುಕೊಂಡು ಅದಕ್ಕೆ 8 ಸೆಂ.ಮೀ. ಸೇರಿಸಿ. ಗಾಳಿ ಆಡಲು ಇಷ್ಟು ಸಡಿಲ ಬೇಕು.

ಎದೆ 92 ಸೆಂ.ಮೀ. ಎಂದುಕೊಳ್ಳೋಣ. 92ಕ್ಕೆ 8 ಸೇರಿದರೆ 100. ಅದರ ಅರ್ಧ 50. ಒಂದು ಸೆಂ.ಮೀ.ಗೆ 1.6 ಸ್ಟಿಚ್, ಹಾಗಾಗಿ 50 ಸೆಂ.ಮೀ.ಗೆ 80 ಸ್ಟಿಚ್. ಜಾಲರಿ ಸಾಲಿಗೆ ಬೆಸ ಸಂಖ್ಯೆಯೇ ಬೇಕು, ಅದಕ್ಕೆ 81. ಚೈನ್ ಇದಕ್ಕಿಂತ ಎರಡು ಹೆಚ್ಚು, ಅಂದರೆ 83.

ಉದ್ದ 50 ಸೆಂ.ಮೀ. ಬೇಕೆಂದರೆ, 10 ಸೆಂ.ಮೀ.ಗೆ 9 ಸಾಲಿನಂತೆ 45 ಸಾಲು.

ಭುಜ ತಲಾ 12 ಸೆಂ.ಮೀ., ಅಂದರೆ 19 ಸ್ಟಿಚ್. ಎರಡು ಭುಜಕ್ಕೆ 38 ಹೋದರೆ ಕುತ್ತಿಗೆಗೆ 43 ಉಳಿಯಿತು, ಸುಮಾರು 27 ಸೆಂ.ಮೀ. ಮುಂದುಗಡೆ ನಾಲ್ಕು ಸಾಲು ಆಳ ಬಿಟ್ಟರೆ ಇಡೀ ಬಾಯಿ 60 ಸೆಂ.ಮೀ. ದಾಟುತ್ತದೆ. ತಲೆ ಆರಾಮಾಗಿ ತೂರುತ್ತದೆ.

ಇನ್ನು ದಾರ. ಒಣಗಿದ ಸ್ಯಾಂಪಲ್ ತುಂಡನ್ನು ತೂಗಿ. 15 × 15, ಅಂದರೆ 225 ಚದರ ಸೆಂ.ಮೀ.ಗೆ 13 ಗ್ರಾಂ ಬಂತು ಎನ್ನಿ. ಎರಡು ಚೌಕಕ್ಕೆ 50 × 50 × 2, ಅಂದರೆ 5000 ಚದರ ಸೆಂ.ಮೀ. ಅದು ತುಂಡಿನ 22 ಪಟ್ಟು ಚಿಲ್ಲರೆ, ಹಾಗಾಗಿ ಸುಮಾರು 290 ಗ್ರಾಂ. ಅಂಚು, ಜೋಡಣೆ, ಕೈತಪ್ಪು ಎಲ್ಲ ಸೇರಿ ಇನ್ನೂ 15 ಶೇಕಡಾ ಹೆಚ್ಚು ಹಿಡಿದರೆ ಸುಮಾರು 335 ಗ್ರಾಂ. 50 ಗ್ರಾಮಿನ ಏಳು ಉಂಡೆ. ಏಳನ್ನೂ ಒಟ್ಟಿಗೇ ಕೊಳ್ಳಿ. ಪಟ್ಟಿಯ ಮೇಲಿನ ಬಣ್ಣದ ಲಾಟ್ ನಂಬರ್ ಒಂದೇ ಇರಲಿ. ಲಾಟ್ ಬೇರೆಯಾದರೆ ಅಂಗಡಿಯ ಬೆಳಕಲ್ಲಿ ಒಂದೇ ಬಣ್ಣ, ಹೊರಗೆ ಬಿಸಿಲಿಗೆ ಬಂದಾಗ ಎದೆಯ ಮೇಲೊಂದು ಗೆರೆ.

## ಹಂತ 3: ಮೊದಲ ಚೈನ್, ಮೊದಲ ಸಾಲು

4.5 ಮಿ.ಮೀ. ಹುಕ್ಕಿನಲ್ಲಿ 83 ಚೈನ್ ಹಾಕಿ. ಪ್ರತಿ 20 ಚೈನ್‌ಗೆ ಒಂದು ಮಾರ್ಕರ್ ಸಿಕ್ಕಿಸುತ್ತಾ ಹೋಗಿ. ಮಧ್ಯೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ ಎಣಿಸುವ ಗೋಳು ತಪ್ಪುತ್ತದೆ. ಈಗ 4 ಮಿ.ಮೀ.ಗೆ ಬದಲಿಸಿ, ಹುಕ್ಕಿನಿಂದ ನಾಲ್ಕನೇ ಚೈನ್‌ನಿಂದ ಶುರುಮಾಡಿ ಕೊನೆಯವರೆಗೆ ಡಬಲ್ ಹಾಕಿ. ಎಣಿಸಿ: 81.

ದೊಡ್ಡ ಹುಕ್ ಯಾಕೆಂದರೆ, ಹೆಚ್ಚಿನವರ ಚೈನ್ ಬಿಗಿ. ಬಿಗಿ ಚೈನ್ ಮೇಲೆ ಕಟ್ಟಿದ ಟಾಪ್ ಕೆಳಗೆ ಕಿರಿದಾಗಿ, ಮೇಲೆ ಅಗಲವಾಗುತ್ತದೆ. ನಾಲ್ಕು ಸಾಲಾದ ಮೇಲೆ ನೆಲಕ್ಕೆ ಹಾಸಿ ನೋಡಿ. ಕೆಳಂಚಿನ ಎರಡು ಮೂಲೆ ಒಳಕ್ಕೆ ಎಳೆದುಕೊಂಡಿದ್ದರೆ ಬಿಚ್ಚಿಬಿಡಿ. ಒಗೆದರೆ ಸರಿಹೋಗುತ್ತದೆ ಅಂತ ಮುಂದುವರಿಯಬೇಡಿ, ಹೋಗುವುದಿಲ್ಲ.

ಸಾಲು ಸುತ್ತಿಕೊಂಡು ತಿರುಚಿದ ಹಾಗೆ ಕಂಡರೆ ಹೆದರಬೇಕಿಲ್ಲ. ಮೂರನೇ ಸಾಲಿಗೆ ನೆಟ್ಟಗಾಗುತ್ತದೆ.

## ಹಂತ 4: ಆರು ಸಾಲಿನ ಸಂಜೆ

ಇಡೀ ಟಾಪ್ ನಡೆಯುವುದು ಈ ಒಂದು ವರಸೆಯಲ್ಲಿ: ಐದು ಸಾಲು ಡಬಲ್, ಆರನೆಯದು ಜಾಲರಿ.

### ಡಬಲ್ ಸಾಲು

ತುಂಡು ತಿರುಗಿಸಿ 3 ಚೈನ್ ಹಾಕಿ. ಇದೇ ಮೊದಲ ಸ್ಟಿಚ್. ಆದ್ದರಿಂದ ಮುಂದಿನ ಡಬಲ್ ಎರಡನೇ ಸ್ಟಿಚ್ಚಿಗೆ ಹೋಗಬೇಕು. ಸಾಲಿನ ಕೊನೆಯ ಡಬಲ್, ಹಿಂದಿನ ಸಾಲಿನ 3 ಚೈನ್‌ನ ತುದಿಗೆ ಬೀಳಬೇಕು.

ತ್ರಿಕೋನ ಹುಟ್ಟುವುದು ಇಲ್ಲಿಯೇ. ಮೊದಲ ಡಬಲನ್ನು 3 ಚೈನ್‌ನ ಬುಡಕ್ಕೇ ಹಾಕಿದರೆ ಸಾಲಿಗೊಂದು ಸ್ಟಿಚ್ ಹೆಚ್ಚುತ್ತದೆ. ಕೊನೆಯ 3 ಚೈನ್‌ನ ತುದಿ ಬಿಟ್ಟರೆ ಸಾಲಿಗೊಂದು ಕಳೆಯುತ್ತದೆ. ಎರಡನೆಯದೇ ಜಾಸ್ತಿ, ಯಾಕೆಂದರೆ ಆ ತುದಿ ಪಕ್ಕಕ್ಕೆ ವಾಲಿಕೊಂಡು ಸ್ಟಿಚ್ಚಿನಂತೆ ಕಾಣುವುದೇ ಇಲ್ಲ. ಪರಿಹಾರ ಸುಲಭ. 3 ಚೈನ್ ಹಾಕಿದ ತಕ್ಷಣ ಮೂರನೇ ಚೈನ್‌ಗೆ ಮಾರ್ಕರ್ ಸಿಕ್ಕಿಸಿ. ವಾಪಸ್ ಬರುವಾಗ ಮಾರ್ಕರ್ ಇರುವಲ್ಲಿ ಕೊನೆಯ ಡಬಲ್ ಹಾಕಿ. ಕಣ್ಣು ಪಳಗುವವರೆಗೆ ಎರಡು ಮಾರ್ಕರ್ ಹೀಗೆ ಏಣಿ ಹತ್ತುತ್ತಿರಲಿ.

### ಜಾಲರಿ ಸಾಲು

ತಿರುಗಿಸಿ 4 ಚೈನ್ ಹಾಕಿ. ಮೂರು ಚೈನ್ ಡಬಲ್‌ಗೆ, ಒಂದು ಕಿಂಡಿಗೆ. ಒಂದು ಸ್ಟಿಚ್ ಬಿಟ್ಟು ಮುಂದಿನದಕ್ಕೆ ಡಬಲ್. ಆಮೇಲೆ 1 ಚೈನ್, ಒಂದು ಬಿಟ್ಟು ಒಂದು ಡಬಲ್. ಹೀಗೇ ಕೊನೆಯವರೆಗೆ. ಕೊನೆಯ ಡಬಲ್ ಕೊನೆಯ ಸ್ಟಿಚ್ಚಿಗೇ ಬೀಳಬೇಕು. 41 ಕಂಬ, 40 ಕಿಂಡಿ.

ಇದರ ಮುಂದಿನ ಸಾಲಿನಲ್ಲಿ ಪ್ರತಿ ಕಂಬದ ತಲೆಗೊಂದು, ಪ್ರತಿ ಕಿಂಡಿಗೊಂದು ಡಬಲ್. ಕೊನೆಯಲ್ಲಿ ಒಂದು ಕಿಂಡಿಗೆ, ಒಂದು 4 ಚೈನ್‌ನ ಮೂರನೆಯದಕ್ಕೆ. ಮತ್ತೆ 81.

ಜಾಲರಿ ಸುಮ್ನೆ ಚಂದಕ್ಕೆ ಹಾಕಿದ್ದಲ್ಲ. ಐದು ಸಾಲಿನಲ್ಲಿ ಎಲ್ಲೋ ಒಂದು ಸ್ಟಿಚ್ ತಪ್ಪಿದ್ದರೆ ಕೊನೆಯ ಡಬಲ್‌ಗೆ ಜಾಗ ಹೊಂದುವುದಿಲ್ಲ, ಆ ಕ್ಷಣವೇ ಗೊತ್ತಾಗುತ್ತದೆ. ಎರಡು ಸ್ಟಿಚ್ ತಪ್ಪಿದ್ದರೆ ಮಾತ್ರ ಮೋಸ ಹೋಗಬಹುದು, ಅದಕ್ಕೆ 41 ಕಂಬವನ್ನೂ ಎಣಿಸಿ. 81 ಎಣಿಸುವುದಕ್ಕಿಂತ ಇದು ಎಷ್ಟೋ ವಾಸಿ. ಅಲ್ಲದೆ ಎಷ್ಟು ಸಾಲಾಯಿತೆಂದು ನೋಡಲು ಜಾಲರಿ ಎಣಿಸಿದರಾಯಿತು: ಮೂರು ಜಾಲರಿ ಎಂದರೆ 18 ಸಾಲು.

ಅದಕ್ಕೇ ಸಂಜೆಯ ಕೆಲಸವನ್ನು ಜಾಲರಿಗೇ ನಿಲ್ಲಿಸಿ. ಸಾಲಿನ ಮಧ್ಯೆ ಎದ್ದುಹೋಗಬೇಡಿ. ನನ್ನ ಕೈಗೆ ಒಂದು ಸಾಲಿಗೆ ಎಂಟ್ಹತ್ತು ನಿಮಿಷ ಬೇಕು, ಆರು ಸಾಲಿಗೆ ಒಂದು ಗಂಟೆ. ಹೊಸಬರಿಗೆ ಅದು ಎರಡು ಸಂಜೆಯ ಕೆಲಸವಾದರೂ ಆಗಲಿ. ನಿಲ್ಲಿಸುವಾಗ ಹುಕ್ ಮೇಲಿನ ಕುಣಿಕೆಗೆ ಮಾರ್ಕರ್ ಹಾಕಿ ಹುಕ್ ತೆಗೆದಿಡಿ. ಬೆಕ್ಕೋ ಮಗುವೋ ಎಳೆದರೂ ಬಿಚ್ಚಿಕೊಳ್ಳುವುದಿಲ್ಲ.

### ಸಂಜೆ ಸಂಜೆಗೂ ನೋಡಬೇಕಾದ ಲಕ್ಷಣಗಳು

ಅಗಲವನ್ನು ವಾರಕ್ಕೆ ಎರಡು ಸಲವಾದರೂ ಅಳೆಯಿರಿ. ಸ್ಟಿಚ್ ಎಣಿಕೆ ಸರಿಯಿದ್ದು ಅಗಲ ಬದಲಾಗಿದ್ದರೆ ಕೈಯ ಹಿಡಿತ ಬದಲಾಗಿದೆ ಎಂದರ್ಥ. ದಣಿದ ದಿನ, ಸಿಟ್ಟು ಬಂದ ದಿನ ದಾರ ಬಿಗಿಯುತ್ತೇವೆ. ಏನೋ ನೋಡುತ್ತಾ ಕೂತ ದಿನ ಸಡಿಲ ಬಿಡುತ್ತೇವೆ. 1 ಸೆಂ.ಮೀ. ಆಚೀಚೆ ನಡೆಯುತ್ತದೆ. 2 ದಾಟಿದರೆ ಆ ಸಂಜೆಯದನ್ನು ಬಿಚ್ಚುವುದೇ ಸರಿ.

ಸ್ಟಿಚ್ಚಿನ ಪಕ್ಕದಲ್ಲಿ ಸಣ್ಣ ಎಳೆ ಹೊರಬಂದು ಕುಣಿಕೆಯಾಗಿದ್ದರೆ ಹುಕ್ ದಾರದ ಎಲ್ಲ ಎಳೆಯನ್ನು ಹಿಡಿದಿಲ್ಲ. ಹತ್ತಿ ದಾರದಲ್ಲಿ ಇದು ಮಾಮೂಲು. ಆಗಲೇ ಒಂದು ಹೆಜ್ಜೆ ಹಿಂದೆ ಹೋಗಿ ತಿದ್ದಿ, ಇಲ್ಲದಿದ್ದರೆ ಬಳೆಗೋ ಉಗುರಿಗೋ ಸಿಕ್ಕಿಕೊಳ್ಳುತ್ತದೆ.

ದಾರ ಮುಗಿಯುತ್ತಾ ಬಂದರೆ ಸಾಲಿನ ತುದಿಯಲ್ಲೇ ಹೊಸ ಉಂಡೆ ಸೇರಿಸಿ. ಎರಡೂ ಕಡೆ 15 ಸೆಂ.ಮೀ. ಬಾಲ ಬಿಡಿ. ಗಂಟು ಹಾಕಬೇಡಿ. ಹತ್ತಿಯ ಗಂಟು ಒಗೆಯುವಾಗ ಜಾರುತ್ತದೆ, ಇಲ್ಲವೇ ಬಟ್ಟೆಯ ಮೇಲುಗಡೆ ಬಂದು ಕೂರುತ್ತದೆ. ಒಂದು ಸಾಲಿಗೆ ತುಂಡಿನ ಅಗಲದ ಹದಿನೈದು ಹದಿನಾರು ಪಟ್ಟು ದಾರವಾದರೂ ಬೇಕು. ಅಷ್ಟಿಲ್ಲ ಅನ್ನಿಸಿದರೆ ಸಾಲು ಶುರು ಮಾಡಬೇಡಿ.

ಕೈಯ ಮಾತು ಬೇರೆಯೇ. ಅರ್ಧ ಗಂಟೆಗೊಮ್ಮೆ ಹುಕ್ ಕೆಳಗಿಟ್ಟು ಬೆರಳು ಬಿಡಿಸಿ, ಮಣಿಕಟ್ಟು ತಿರುಗಿಸಿ. ಹತ್ತಿಗೆ ಉಣ್ಣೆಯ ಹಾಗೆ ಹಿಗ್ಗುವ ಗುಣ ಇಲ್ಲ, ಎಲ್ಲ ಎಳೆತ ಕೈಗೇ ಬೀಳುತ್ತದೆ. ಹೆಬ್ಬೆರಳ ಬುಡ ನೋಯತೊಡಗಿದರೆ ಅಥವಾ ಬೆರಳು ಜುಮ್ಮೆಂದರೆ ಆ ಸಂಜೆಗೆ ಅಲ್ಲಿಗೇ ಮುಗಿಸಿ, ಆರು ಸಾಲು ಆಗದಿದ್ದರೂ ಪರವಾಗಿಲ್ಲ.

## ಹಂತ 5: ಹಿಂಭಾಗ ಮುಗಿಸುವುದು

6, 12, 18, 24, 30, 36ನೇ ಸಾಲು ಜಾಲರಿ. 36ರ ನಂತರ ಜಾಲರಿ ಬೇಡ, 45ರವರೆಗೆ ಬರೀ ಡಬಲ್. ಟಾಪ್‌ನ ಭಾರವೆಲ್ಲ ಭುಜದ ಮೇಲೆ ಬೀಳುವುದರಿಂದ ಅಲ್ಲಿ ಗಟ್ಟಿ ಬಟ್ಟೆ ಬೇಕು. ದಾರ ಕತ್ತರಿಸಿ, ಕುಣಿಕೆಯೊಳಗೆ ಎಳೆದುಬಿಡಿ. ಭುಜ ಜೋಡಿಸಲು ಅದೇ ದಾರ ಬರಲಿ ಎಂದು 50 ಸೆಂ.ಮೀ. ಬಾಲ ಬಿಟ್ಟರೆ ಒಳ್ಳೆಯದು.

## ಹಂತ 6: ಮುಂಭಾಗ ಮತ್ತು ಕುತ್ತಿಗೆ

41ನೇ ಸಾಲಿನವರೆಗೆ ಹಿಂಭಾಗದಂತೆಯೇ. ಆಮೇಲೆ ಎರಡು ಭುಜ ಬೇರೆ ಬೇರೆ.

ಮೊದಲ ಭುಜ: ತಿರುಗಿಸಿ 19 ಸ್ಟಿಚ್ ಮಾತ್ರ ಹೆಣೆಯಿರಿ, ಮತ್ತೆ ತಿರುಗಿಸಿ. 42ರಿಂದ 45ರವರೆಗೆ ನಾಲ್ಕು ಸಾಲು. ದಾರ ಕತ್ತರಿಸಿ.

ಎರಡನೇ ಭುಜ: 42ನೇ ಸಾಲು ಶುರುವಾದ ಕಡೆಯಿಂದಲೇ ಎಣಿಸಿ. 19 ಆಗಲೇ ಹೆಣೆದದ್ದು, 43 ಕುತ್ತಿಗೆಗೆ ಬಿಡುವುದು. 63ನೇ ಸ್ಟಿಚ್ಚಿಗೆ ದಾರ ಸೇರಿಸಿ 3 ಚೈನ್ ಹಾಕಿ, ಅಲ್ಲಿಂದ ಕೊನೆಯವರೆಗೆ ಹೋದರೆ 19 ಸ್ಟಿಚ್. ಇಲ್ಲೂ ನಾಲ್ಕು ಸಾಲು.

ದಾರ ಸೇರಿಸುವ ಮೊದಲು 63ನೆಯದಕ್ಕೆ ಮಾರ್ಕರ್ ಹಾಕಿ, ಕೊನೆಯಿಂದಲೂ ಒಮ್ಮೆ ಎಣಿಸಿ. ಎರಡು ಕಡೆಯಿಂದಲೂ ಲೆಕ್ಕ ಕೂಡಿದರೆ ಮಾತ್ರ ಮುಂದೆ. ಒಂದು ಭುಜ 19, ಇನ್ನೊಂದು 21 ಆದ ಟಾಪ್ ಹಾಕಿಕೊಂಡರೆ ಯಾವಾಗಲೂ ಒಂದು ಕಡೆ ಜಾರುತ್ತಿರುತ್ತದೆ. ಕಾರಣ ಹುಡುಕಿದರೂ ಸಿಗುವುದಿಲ್ಲ.

## ಹಂತ 7: ನೆನೆಸಿ, ಹರಡಿ, ಒಣಗಿಸುವುದು

ಇದನ್ನು ಜೋಡಿಸುವ ಮೊದಲೇ ಮಾಡಿ. ಎರಡೂ ಭಾಗ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಯಲಿ. ಹಿಂಡಬೇಡಿ. ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಒದ್ದೆ ಹತ್ತಿ ಭಾರ, ಮೂಲೆ ಹಿಡಿದು ಎತ್ತಿದರೆ ಅಲ್ಲೇ ಎಳೆದುಕೊಳ್ಳುತ್ತದೆ. ಎರಡೂ ಅಂಗೈ ಕೆಳಗೆ ಕೊಟ್ಟು ಎತ್ತಿ. ಒಣ ಟವೆಲ್ಲಿನ ಮೇಲೆ ಹರಡಿ, ಟೇಪು ಇಟ್ಟು 50 × 50ಕ್ಕೆ ತಂದು, ಅಂಚಿಗೆ ಪಿನ್ ಚುಚ್ಚಿ ನೆರಳಲ್ಲಿ ಒಣಗಿಸಿ.

ಎರಡು ಭಾಗದ ನಡುವೆ 1 ಸೆಂ.ಮೀ. ವ್ಯತ್ಯಾಸ ಇದ್ದರೆ ಇಲ್ಲಿ ಸರಿಯಾಗುತ್ತದೆ. 4 ಸೆಂ.ಮೀ. ಇದ್ದರೆ ಆಗುವುದಿಲ್ಲ. ಪಿನ್ನಿನಿಂದ ಎಳೆದು ಕೂರಿಸಿದ್ದು ಮೊದಲ ಒಗೆತಕ್ಕೆ ಹಳೇ ಜಾಗಕ್ಕೆ ಹೋಗುತ್ತದೆ.

## ಹಂತ 8: ಜೋಡಣೆ

ಮೊದಲು ಭುಜ. ಎರಡು ಭಾಗದ ಒಳ್ಳೆ ಮೈ ಒಳಗಾಗುವಂತೆ ಒಂದರ ಮೇಲೊಂದು ಇಟ್ಟು, ಹೊರಅಂಚಿನಿಂದ 19 ಸ್ಟಿಚ್ ಸೂಜಿಯಲ್ಲಿ ಸ್ಟಿಚ್ಚಿಗೆ ಸ್ಟಿಚ್ ಹೊಂದಿಸಿ ಹೊಲಿಯಿರಿ. ನೆರಿಗೆ ಬೀಳುವಷ್ಟು ದಾರ ಎಳೆಯಬೇಡಿ.

ಬದಿಗಳನ್ನು ಹೊಲಿಯುವ ಮುಂಚೆ ಪಿನ್ ಹಾಕಿ ಒಮ್ಮೆ ಹಾಕಿಕೊಂಡು ನೋಡಿ. ಕೈ ಎತ್ತಿ, ಕೂತು, ಬಗ್ಗಿ ನೋಡಿ. ಬದಲಾಯಿಸಲು ಇದು ಕೊನೆಯ ಅವಕಾಶ.

ಬದಿಯಲ್ಲಿ 45 ಸಾಲಿನ ಹಂಚಿಕೆ ಹೀಗೆ: ಕೆಳಗಿನ 5 ಸಾಲು ಸೀಳು ಬಿಡಿ, ಕೂತಾಗ ಟಾಪ್ ಮೇಲೇರುವುದಿಲ್ಲ. ಮೊದಲ ಜಾಲರಿಯಿಂದ, ಅಂದರೆ 6ರಿಂದ 27ನೇ ಸಾಲಿನವರೆಗೆ ಹೊಲಿಯಿರಿ. ಉಳಿದ 18 ಸಾಲು, ಸುಮಾರು 20 ಸೆಂ.ಮೀ., ಕೈ ತೂರಲು. ಎರಡೂ ಕಡೆ ಜಾಲರಿಗೆ ಜಾಲರಿ ಎದುರುಬದುರು ಬಂದರೆ ಹೊಲಿಗೆ ನೇರ ಇದೆ. ಒಂದು ಸಾಲು ಆಚೀಚೆಯಾದರೂ ಬದಿ ತಿರುಚಿಕೊಂಡು ಮುಂದಕ್ಕೆ ಬರುತ್ತದೆ. ಕಂಕುಳ ಬಿಗಿಯೆನಿಸಿದರೆ ಎರಡು ಸಾಲು ಬಿಚ್ಚಿದರೆ ಸಾಕು.

## ಹಂತ 9: ಅಂಚು ಮತ್ತು ಬಾಲ

3.5 ಮಿ.ಮೀ. ಹುಕ್ಕಿನಲ್ಲಿ ಕುತ್ತಿಗೆಗೆ ಒಂದು ಸುತ್ತು ಸಿಂಗಲ್ ಕ್ರೋಶಾ. ಹಿಂದೆ 43, ಮುಂದೆ 43, ಬದಿಯ ನಾಲ್ಕು ಸಾಲಿಗೆ ಸಾಲಿಗೆರಡರಂತೆ 8 ಮತ್ತು 8. ಮುಂದಿನ ಎರಡು ಒಳಮೂಲೆಯಲ್ಲಿ ಎರಡು ಸ್ಟಿಚ್ಚನ್ನು ಒಂದಾಗಿ ಮುಗಿಸಿ, ಇಲ್ಲದಿದ್ದರೆ ಮೂಲೆ ಉಬ್ಬುತ್ತದೆ. ಕೈ ತೂರುವ ಕಡೆಯೂ ಸಾಲಿಗೆರಡು: ಒಂದು ತೋಳಿಗೆ 72.

ಅಂಚು ಅಲೆಅಲೆಯಾಗಿ ನಿಂತರೆ ಸ್ಟಿಚ್ ಜಾಸ್ತಿ, ಒಳಕ್ಕೆ ಸುಕ್ಕಾದರೆ ಕಡಿಮೆ. ಕಾಲು ಸುತ್ತು ಆದಾಗಲೇ ಇದು ತಿಳಿಯುತ್ತದೆ, ಪೂರ್ತಿ ಸುತ್ತು ಮುಗಿಯುವವರೆಗೆ ಕಾಯಬೇಡಿ. ಕೆಳಅಂಚಿಗೂ ಒಂದು ಸುತ್ತು ಹಾಕಬಹುದು. ನಾನು ಹಾಕುವುದಿಲ್ಲ, ಚೈನ್‌ನ ಅಂಚೇ ನನಗೆ ಇಷ್ಟ.

ಬಾಲಗಳನ್ನು ಸೂಜಿಯಲ್ಲಿ ಪೋಣಿಸಿ ಒಳಮೈಯ ಸ್ಟಿಚ್‌ಗಳ ಬುಡದಲ್ಲಿ ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ, ಮತ್ತೆ ಬಲಕ್ಕೆ ಓಡಿಸಿ. ಒಂದೇ ದಿಕ್ಕಿನಲ್ಲಿ ಓಡಿಸಿದ್ದು ನಾಲ್ಕು ಒಗೆತಕ್ಕೆ ಹೊರಬರುತ್ತದೆ. ಜಾಲರಿಯ ಹತ್ತಿರದ ಬಾಲವನ್ನು ಕಿಂಡಿಗೆ ಅಡ್ಡ ಓಡಿಸಬೇಡಿ, ಡಬಲ್ ಸಾಲಿಗೆ ಇಳಿಸಿ. ಕತ್ತರಿಸುವುದು ಈಗಲೇ ಬೇಡ. ಟಾಪನ್ನು ಒಂದು ದಿನ ಹಾಕಿಕೊಂಡು ಓಡಾಡಿ, ಬಟ್ಟೆ ತನ್ನ ಜಾಗಕ್ಕೆ ಕೂತ ಮೇಲೆ ತುದಿ ಕತ್ತರಿಸಿ.

ಬೀರುವಿನಲ್ಲಿ ಹ್ಯಾಂಗರಿಗೆ ಹಾಕಬೇಡಿ, ಮಡಚಿಡಿ. ಸ್ಯಾಂಪಲ್ ತುಂಡನ್ನೂ ಎಸೆಯಬೇಡಿ. ಟಾಪನ್ನು ಒಗೆದಾಗೆಲ್ಲ ಅದನ್ನೂ ಜೊತೆಗೆ ಒಗೆಯುತ್ತಿರಿ. ಎಂದಾದರೂ ಎಲ್ಲಾದರೂ ಹರಿದರೆ, ಅಷ್ಟೇ ಮಾಸಿದ, ಅದೇ ಬಣ್ಣದ ದಾರ ಅದರಿಂದಲೇ ಸಿಗುತ್ತದೆ.